ಅಂಗೈಯ ಮೂರನೆಯ ವಾಸನೆ

ನಾಲಿಗೆಗೆ ಒಂದು ತೊಟ್ಟೂ ತಾಕಿಸದ ಇಬ್ಬರು ಸೇರಿ ಹೊಳಲ್ಕೆರೆಯಲ್ಲಿ ವಿಲಾಯತಿ ಮದ್ಯದ ಅಂಗಡಿ ಇಟ್ಟಿದ್ದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ನನ್ನ ಕೊರಳಲ್ಲಿ ಲಿಂಗ. ನನ್ನ ಪಾಲುದಾರ ಸಾಬರು ಐದು ಹೊತ್ತು ನಮಾಜು ಮಾಡುವವರು. ಮಾರುವುದೂ ತಪ್ಪೇ ಎಂದು ಮಠದವರೂ ಹೇಳಿದರು, ಮಸೀದಿಯವರೂ ಹೇಳಿದರು. ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡು ಮರುದಿನ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆವು.

ನಮ್ಮ ಗಿರಾಕಿಗಳು ಚಿಕ್ಕಜಾಜೂರಿನ ರೈಲ್ವೆ ದೊರೆಗಳು ಮತ್ತು ಹೊಸದುರ್ಗದ ಕಡೆಯ ಮ್ಯಾಂಗನೀಸ್ ಗಣಿಯವರು. ಕುಡಿಯದೆ ಸರಕು ಆರಿಸುವುದು ಹೇಗೆ? ಅದು ಸಾಬರ ಕೆಲಸ. ಚಿತ್ರದುರ್ಗದಲ್ಲಿ ತಂದೆಯ ಕಾಲದಿಂದ ಅತ್ತರು ಮಾರಿದ ಮನೆತನ ಅವರದು. ಬೊಂಬಾಯಿಯಿಂದ ಮಾದರಿ ಸೀಸೆಗಳು ಬಂದಾಗ ಒಂದು ಹನಿ ಎಡ ಅಂಗೈಗೆ ಹಾಕಿಕೊಂಡು, ಉಜ್ಜಿ, ಅತ್ತರಿನಂತೆಯೇ ಮೂರು ಸಲ ಮೂಸುತ್ತಿದ್ದರು.

"ಮೊದಲ್ನೇದು ಸಾರಾಯಿದು, ಎರಡ್ನೇದು ಕಾಳಿಂದು. ಕೈ ಒಣಗಿದ್ ಮೇಲೆ ಬರೋದು ಪೀಪಾಯಿ ಮರದ್ದು. ಅದು ಸುಳ್ಳು ಹೇಳಲ್ಲ ಶೆಟ್ರೇ."

ಗಣಿಯಲ್ಲಿ ಒಬ್ಬ ಅಮೆರಿಕದ ಎಂಜಿನಿಯರ್ ಇದ್ದ. ಸ್ಕಾಚ್ ಎಂದರೆ ಅವನು ಮೂಗು ಮುರಿಯುತ್ತಿದ್ದ. ಅವನಿಗೆ ತನ್ನ ದೇಶದ್ದೇ ಬೇಕು. ಅದರಲ್ಲೂ ರೈ ವಿಸ್ಕಿಯೇ ಬೇಕು, ಬರ್ಬನ್ ಬೇಡ. ರೈ ಎನ್ನುವುದು ಗೋಧಿಯ ದಾಯಾದಿಯಂಥ ಕಾಳಂತೆ, ನಾವು ಕಂಡಿದ್ದಿಲ್ಲ. ಬರ್ಬನ್ ಆಗುವುದು ಮುಸುಕಿನ ಜೋಳದಿಂದ. ಎರಡೂ ಒಂದೇ ಕೆಂಪು, ನನಗೆ ಎರಡೂ ಒಂದೇ ಘಾಟು. ಸಾಬರಿಗೆ ಹಾಗಲ್ಲ. ರೈಯಲ್ಲಿ ಒಣಶುಂಠಿ, ಮೆಣಸು. ಬರ್ಬನ್ನಿನಲ್ಲಿ ಸುಟ್ಟ ತೆನೆ, ಬೆಲ್ಲದ ಪಾಕ. ಅವರು ಆರಿಸಿದ್ದನ್ನು ಆ ದೊರೆ ಒಮ್ಮೆಯೂ ಹಿಂದಿರುಗಿಸಲಿಲ್ಲ. "ಕುಡಿಯೋನಿಗಿಂತ ನಿಮಗೇ ಜಾಸ್ತಿ ಏರ್ತೈತೆ" ಎಂದು ನಾನು ರೇಗಿಸುತ್ತಿದ್ದೆ. ಅವರು ವಾಸನೆಗಳ ಹೆಸರು ಹೇಳಿಕೊಡಲು ಬಂದರೆ ನನಗೆ ಅಂಗಡಿಯ ಕೆಲಸ ನೆನಪಾಗುತ್ತಿತ್ತು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಬಂತು. ಊರೂರು ಬರಿದಾಯಿತು. ಸಾಬರೂ ಮಲಗಿದರು, ಎದ್ದರು. ಎದ್ದು ಅಂಗಡಿಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಗಣಿಯ ದೊರೆ ಹೇಳಿಕಳಿಸಿದ. ಅವರ ದೇಶದಲ್ಲಿ ಮದ್ಯವನ್ನೇ ನಿಲ್ಲಿಸುವ ಮಾತು ನಡೆದಿದೆ, ಇನ್ನು ಸಿಗುವುದು ಇದೊಂದೇ ಸಲ ಇರಬಹುದು, ಸಾಬರೇ ಆರಿಸಲಿ ಎಂದು. ಮಾದರಿ ಸೀಸೆಗಳು ಬಂದವು. ಸಾಬರು ಬೆಂಚಿನ ಮೇಲೆ ಕುಳಿತು ಹನಿ ಹಾಕಿ ಉಜ್ಜಿದರು, ಮೂಸಿದರು. ಇನ್ನೊಂದು ಸೀಸೆ ಬಿಚ್ಚಿದರು. ಮುಖ ಕೆಂಪಾಯಿತು.

"ನೋಡ್ರಿ ಶೆಟ್ರೇ, ಬೊಂಬಾಯಿಯೋರು ನೀರಿಗೆ ಬಣ್ಣ ಹಾಕಿ ಕಳ್ಸವ್ರೆ!"

ನಾನು ಮಾರು ದೂರ ಕುಳಿತಿದ್ದೆ. ಘಾಟು ನನ್ನ ಮೂಗಿಗೇ ಹೊಡೆಯುತ್ತಿತ್ತು. ತಮಾಷೆ ಎಂದು ನಗಲು ಹೋದೆ. ಅವರು ನಗಲಿಲ್ಲ. ನನ್ನ ಮುಖ ನೋಡಿದರು, ತಮ್ಮ ಅಂಗೈ ನೋಡಿದರು. ಆಮೇಲೆ ನಿಧಾನವಾಗಿ ಬಿರಡೆ ಹಾಕಿದರು.

ಆ ಜ್ವರ ಅವರ ಮೂಗಿನ ಶಕ್ತಿಯನ್ನೇ ಒಯ್ದಿತ್ತು. ಮೂಗಿಲ್ಲದ ಸಾಬರಿಗೆ ಆ ಬೆಂಚಿನಲ್ಲಿ ಏನು ಕೆಲಸ? ಆ ಭಯ ಇಬ್ಬರನ್ನೂ ಒಟ್ಟಿಗೇ ಹಿಡಿಯಿತು. "ನಾನೇ ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡ್ತೀನಿ ಬಿಡ್ರಿ" ಎಂದೆ. ಅವರು ಸೀಸೆಯ ಮೇಲೆ ಕೈ ಮುಚ್ಚಿದರು.

"ನನ್ ಮೂಗಿಗೋಸ್ಕರ ನಿಮ್ ಲಿಂಗ ಕೆಡಿಸ್ಬ್ಯಾಡ್ರಿ. ಅಂಗೈ ಕೊಡ್ರಿ ಇಲ್ಲಿ."

ನನ್ನ ಅಂಗೈಗೆ ಹನಿ ಹಾಕಿ ಅವರೇ ಉಜ್ಜಿದರು. ಕಾಳೇನು ಎಂದು ಕೇಳಿದರು. ಖಾರ, ಮೆಣಸಿನಂಥದ್ದು ಎಂದೆ. ಅವರ ಕಣ್ಣು ಅರಳಿತು. ಕೈ ಒಣಗುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

"ಈಗ?"

"ಏನೋ ಮರದ್ದು."

"ಯಾವ ಮರದ್ದು? ಹೊಸಾ ನೊಗದ್ದೋ, ಹಳೇ ಪೆಟ್ಟಿಗೆದೋ?"

ನನಗೆ ತಿಳಿಯಲಿಲ್ಲ. ಎಷ್ಟು ಮೂಸಿದರೂ ಬರಿಯ ಮರ. ಇಷ್ಟು ವರ್ಷ ಪಕ್ಕದಲ್ಲೇ ಕುಳಿತು ನಾನು ಕಲಿತದ್ದು ಅಷ್ಟೇ ಆಗಿತ್ತು. ಅವರು ಮಣಿಕಟ್ಟು ಬಿಟ್ಟು, ಮೆಣಸಿನದನ್ನೇ ತರಿಸೋಣ ಎಂದರು.

ದೊರೆ ಕುಡಿದು, ರೈ ಹೌದು, ಆದರೆ ಎಳಸು, ಹಸಿಮರ ಎಂದ. ಬೈಯಲಿಲ್ಲ. ಸಾಬರು ಆಮೇಲೆ ಅಂಗಡಿಯ ಪಾಲು ಬಿಟ್ಟು ಮನೆಯಲ್ಲೇ ಉಳಿದರು. ನಾನು ಎಷ್ಟು ಕರೆದರೂ ಬರಲಿಲ್ಲ.

ಶುಕ್ರವಾರ ಮಾತ್ರ ಮಸೀದಿಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಅತ್ತರು ಹಚ್ಚಿದ ಅಂಗೈ ಚಾಚುತ್ತಿದ್ದರು. ಮನೆಯ ಅತ್ತರಿನ ಸೀಸೆಗಳಲ್ಲಿ ಯಾವುದು ಯಾವುದೆಂದು ಅವರಿಗೀಗ ತಿಳಿಯುತ್ತಿರಲಿಲ್ಲ.

"ಇವತ್ತಿಂದು ಯಾವ್ದು ಹೇಳ್ರಿ?"

"ಬಲು ಚೆನ್ನಾಗೈತೆ ಸಾಬ್ರೇ."

"ಚೆನ್ನಾಗಿರೋದು ನಂಗೂ ಗೊತ್ತೈತೆ. ಯಾವ್ದು ಅಂತ ಹೇಳ್ರಿ."

ನಾನು ಮತ್ತೆ ಮೂಸಿ ತಲೆಯಾಡಿಸುತ್ತಿದ್ದೆ. ಅವರು ನಕ್ಕು ಮುಂದೆ ಹೋಗುತ್ತಿದ್ದರು.

ಅವರು ತೀರಿಹೋದ ಮೇಲೆ ಅವರ ಮನೆಯವರು ಅತ್ತರಿನ ಒಂದು ಸೀಸೆಯನ್ನು ನನಗೆ ಕಳಿಸಿದರು. ಮುದುಕನಿಗೆ ಮಾಡಲು ಬೇರೇನು ಕೆಲಸ? ದಿನವೂ ಒಂದು ಹನಿ ಉಜ್ಜಿ, ಒಣಗುವವರೆಗೆ ಕಾದು ಮೂಸುತ್ತೇನೆ. ಬಹಳ ದಿನ ಏನೂ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಅದು ಕೇದಗೆ, ಸಾಬ್ರೇ. ಒಣಗಿದ ಮೇಲೆ ಉಳಿಯುವುದು ಶ್ರೀಗಂಧ, ಹಳೆಯ ಮರದ್ದು.