ಪಲ್ಲಡಂನಿಂದ ಸುಧಾಳನ್ನು ಕರೆತಂದ ಕಾರು

ಬುಧವಾರ ಬೆಳಿಗ್ಗೆ ತಿಂಡಿ ಮುಗಿಸಿ ಶರವಣಂಪಟ್ಟಿಯ ಅಕ್ಕನ ಮನೆಯಿಂದ ಹೊರಟೆ. ಅಕ್ಕನ ಮಗಳು ಸುಧಾ ಏಳು ತಿಂಗಳ ಬಸುರಿ. ಪಲ್ಲಡಂನ ಗಂಡನ ಮನೆಯಲ್ಲಿ ಶುಕ್ರವಾರ ಬಳೆ ತೊಡಿಸಿ ಅವಳನ್ನು ಹೆರಿಗೆಗೆ ಕಳಿಸುವವರಿದ್ದರು. ಕರೆತರಲು ತವರಿನವರೇ ಹೋಗಬೇಕು. ಅಕ್ಕನಿಗೆ ಮಂಡಿನೋವು, ಆದ್ದರಿಂದ ನಂಜನಗೂಡಿನಿಂದ ನನ್ನನ್ನು ಕರೆಸಿಕೊಂಡಿದ್ದಳು. ನಾನು ಅಲ್ಲಿ ಡ್ರೈವಿಂಗ್ ಶಾಲೆ ನಡೆಸುವವಳು. ಯಾರ ಕಾರು ಕೆಮ್ಮಿದರೂ ಬಾನೆಟ್ ಎತ್ತಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಅವಿನಾಶಿಯಲ್ಲಿ ಬಸ್ಸು ನಿಂತಾಗ ಬಿಸಿ ವಡೆ ತಿಂದೆ. ತಿರುಪ್ಪೂರಿನಲ್ಲಿ ಬಸ್ಸು ಬದಲಿಸಿದೆ. ಪಲ್ಲಡಂ ಹತ್ತಿರವಾದಂತೆ ಒಣಗಾಳಿ ಮುಖಕ್ಕೆ ಹೊಡೆಯತೊಡಗಿತು. ಬೀಗರ ಮನೆಯ ಪಕ್ಕದಲ್ಲೇ ವಿದ್ಯುತ್ ಮಗ್ಗಗಳ ಷೆಡ್ಡು. ಆ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಅವರು ಕುಶಲ ಕೇಳಿದರೂ ಜಗಳವಾಡಿದಂತೆ ಕೇಳಿಸುತ್ತದೆ.

ಸುಧಾ ಬಾಡಿದ್ದಳು. ಕೈಯಲ್ಲೊಂದು ನಿಂಬೆಹಣ್ಣು, ಅದರ ತುಂಬ ಮೂಸಲೆಂದು ಕೆರೆದ ಉಗುರಿನ ಗೀರು. ಆಗಷ್ಟೇ ಕಾರಿನಲ್ಲಿ ಅಂಗಡಿಗೆ ಹೋಗಿ ಬಂದಿದ್ದಳಂತೆ.

"ಕಾರು ಹತ್ತಿದ್ರೆ ಸಾಕು, ತಲೆನೋವು, ವಾಂತಿ. ಮಸಕ್ಕೈ ತಾನೇ, ಎಲ್ಲಾರ್ಗೂ ಬರೋದು," ಎಂದರು ಅವಳ ಅತ್ತೆ ರುಕ್ಮಿಣಿಯಮ್ಮ. ಬಸುರಿಯ ವಾಕರಿಕೆಗೆ ಅಲ್ಲಿಯ ಮಾತು ಅದು.

"ಏಳನೇ ತಿಂಗಳಲ್ಲೂನಾ?" ಎಂದೆ. "ಬಸ್ಸಲ್ಲಿ ಹೋದಾಗ ಹೇಗಿರುತ್ತೆ ಸುಧಾ?"

"ಬಸ್ಸಲ್ಲಿ ಒಂದೂ ಆಗಲ್ಲ ಚಿಕ್ಕಮ್ಮ. ನಮ್ ಕಾರಲ್ಲಿ ಮಾತ್ರ ತಾನ್."

ನನಗೆ ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಸುಧಾಳ ಗಂಡ ಮುರುಗೇಶನಿಗೆ ಕಾರು ಸ್ಟಾರ್ಟ್ ಮಾಡಲು ಹೇಳಿದೆ. ಹಳೆಯ ಸಣ್ಣ ಕಾರು. ಸ್ಟಾರ್ಟ್ ಆದ ಕೂಡಲೇ ಟಿಕ್ ಟಿಕ್ ಎಂದು ಬಡಿಯಿತು. ಬಿಸಿಯಾಗುತ್ತಾ ಸದ್ದು ಅಡಗಿತು.

"ಟ್ಯಾಪೆಟ್ ಚಿಕ್ಕಮ್ಮ. ಎರಡು ತಡವೆ ಸರಿ ಮಾಡ್ಸಿದೆ, ತಿರುಗ ಬರ್ತದೆ. ತರಿ ಸದ್ದಲ್ಲೇ ಬೆಳೆದೋರು ನಾವು, ಇದೆಲ್ಲ ನಮ್ಗೆ ಸದ್ದೇ ಅಲ್ಲ," ಎಂದ. ತರಿ ಎಂದರೆ ಮಗ್ಗ; ಟ್ಯಾಪೆಟ್ ಎಂದರೆ ಎಂಜಿನ್ನಿನ ಕವಾಟ ಎತ್ತುವ ಭಾಗ, ಸಡಿಲವಾದರೆ ಬಡಿಯುತ್ತದೆ.

"ಟ್ಯಾಪೆಟ್ ಆದ್ರೆ ಬಿಸಿಯಾದ್ಮೇಲೆ ಯಾಕಪ್ಪ ಸುಮ್ಮನಾಗುತ್ತೆ?"

ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವುದು ಮ್ಯಾನಿಫೋಲ್ಡ್. ಅದಕ್ಕೂ ಎಂಜಿನ್ನಿಗೂ ನಡುವೆ ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ಅದು ಸುಟ್ಟು ಸವೆದರೆ ಹೊಗೆ ಬಾನೆಟ್ಟಿನೊಳಗೇ ಸೋರಿ, ಗಾಳಿಕಿಂಡಿಯಿಂದ ಕಾರಿನೊಳಕ್ಕೆ ಬರುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಕಿರಿದಾಗಿ ಸದ್ದು ಅಡಗುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಆ ವಿಷದ ಹೊಗೆ ಕುಡಿದರೆ ತಲೆನೋವು, ವಾಂತಿ; ಬಸುರಿಗಂತೂ ಅಪಾಯ.

ಎಂಜಿನ್ ಆರಲು ಬಿಟ್ಟು, ಮಗ್ಗದ ಮೇಲಿನ ಹತ್ತಿಧೂಳು ಊದುವ ಬ್ಲೋವರ್ ತರಿಸಿದೆ. ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಗಾಳಿ ಊದಿಸಿ, ಮ್ಯಾನಿಫೋಲ್ಡ್ ಸಂದಿಗೆ ಸೋಪುನೀರು ಚಿಮುಕಿಸಿದೆ. ಒಂದು ಕಡೆ ಬುಳುಬುಳು ಗುಳ್ಳೆ ಎದ್ದಿತು. ಮುರುಗೇಶನ ಮುಖ ಸಣ್ಣದಾಯಿತು. "ಅವಳ್ನ ಇದ್ರಲ್ಲೇ ತಾನೇ ಸುತ್ತಿಸ್ದೆ," ಎಂದ.

"ನಾಳೆ ಒಂಬತ್ತಕ್ಕೆ ನಲ್ಲ ನೇರ. ಇವತ್ತು ಕಾರು ಬಿಚ್ಚಿ ಹಾಕಿದ್ರೆ?" ರುಕ್ಮಿಣಿಯಮ್ಮನಿಗೆ ಒಳ್ಳೆ ಹೊತ್ತಿನ ಚಿಂತೆ. ಟ್ಯಾಕ್ಸಿ ಕರೆಸೋಣ ಎಂದ ಮಗ.

"ಟ್ಯಾಕ್ಸಿ ನಾಳೆಗಾಯ್ತು. ಕೂಸನ್ನ ಯಾವ ಕಾರಲ್ಲಿ ಕರ್ಕೊಂಡು ಬರ್ತೀರಿ?" ಎಂದೆ.

ರುಕ್ಮಿಣಿಯಮ್ಮ ಒಳಗೆ ಹೋಗಿ ನನಗೆ ಮಂಡಿಯೂರಲು ಹಳೇ ಸೀರೆ ತಂದು ಹಾಸಿದರು. ಆಮೇಲೆ ಸುಧಾಳನ್ನು ಬಸ್ಸಿನಲ್ಲೇ ಡಾಕ್ಟರ ಹತ್ತಿರ ಕರೆದೊಯ್ದರು. ಮಗು ಚೆನ್ನಾಗಿದೆ ಎಂಬ ಮಾತಿನೊಂದಿಗೆ ಹಿಂತಿರುಗಿದರು. ಆಗ ನನ್ನ ಕೈಗೆ ಬಲ ಬಂತು.

ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ನೆನೆಯಲು ಬಿಟ್ಟಿದ್ದೆವು. ಅಷ್ಟರಲ್ಲಿ ಮುರುಗೇಶನ ಬೈಕಿನಲ್ಲಿ ಇಬ್ಬರೂ ತಿರುಪ್ಪೂರಿಗೆ ಹೋಗಿ ಹೊಸ ಗ್ಯಾಸ್ಕೆಟ್ ತಂದಿದ್ದೆವು. ಒಂದು ನಟ್ಟು ಬಿಟ್ಟು ಉಳಿದವು ಸಲೀಸಾಗಿ ಬಂದವು. ಅದನ್ನೂ ಹಿಂದೆ ಮುಂದೆ ಆಡಿಸಿ ಒಲಿಸಿಕೊಂಡೆ. ಗುಳ್ಳೆ ಎದ್ದ ಜಾಗದಲ್ಲೇ ಹಳೆಯ ಗ್ಯಾಸ್ಕೆಟ್ ಕರಿಹಿಡಿದು ತಿಂದುಹೋಗಿತ್ತು. ಎರಡೂ ಮೈಗಳನ್ನು ಗೀರು ಬೀಳದಂತೆ ಕೆರೆದು, ಉಕ್ಕಿನ ಸ್ಕೇಲ್ ಇಟ್ಟು ಸಮವಿದೆಯೇ ನೋಡಿದೆ. ಅಂಟು ಗಿಂಟು ಹಚ್ಚದೆ ಹೊಸದನ್ನು ಕೂರಿಸಿ, ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಸುತ್ತು ಸುತ್ತಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ.

"ಪಾವು ಏರಿಸೋ ಹಾಗೇ ತಾನ್. ಒಂದು ಕಡೆ ಮಾತ್ರ ಬಿಗಿದ್ರೆ ಬಟ್ಟೆ ಕೆಡ್ತದೆ," ಎಂದ ಮುರುಗೇಶ. ಮಗ್ಗಕ್ಕೆ ಹಾಸುನೂಲು ಏರಿಸುವವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಉಳಿದದ್ದನ್ನು ಅವನೇ ಬಿಗಿದ.

ಮತ್ತೆ ಸೋಪುನೀರು ಚಿಮುಕಿಸಿದೆವು, ಗುಳ್ಳೆ ಬರಲಿಲ್ಲ. ಗಾಜು ಏರಿಸಿ ನಾವಿಬ್ಬರೇ ಊರು ಸುತ್ತಿ ಬಂದೆವು. ಎಂಜಿನ್ ಆರಿದ ಮೇಲೆ ಇನ್ನೊಮ್ಮೆ ಬಿಗಿದು, ಹುರುಳಿ ರಸದಲ್ಲಿ ಹೊಟ್ಟೆ ಬಿರಿಯೆ ಊಟ ಮಾಡಿದೆ.

ಶುಕ್ರವಾರ ತಣ್ಣನೆಯ ಎಂಜಿನ್ ಟಿಕ್ ಟಿಕ್ ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಸುಧಾಳ ಎರಡು ಕೈಯಲ್ಲೂ ಬಳೆ ತುಂಬಿದ್ದವು. ರುಕ್ಮಿಣಿಯಮ್ಮ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನದ ಡಬ್ಬಗಳನ್ನು ಕಟ್ಟಿಕೊಟ್ಟು, ಸೊಸೆಯ ಕೈಗೆ ಹೊಸ ನಿಂಬೆಹಣ್ಣು ಇಟ್ಟರು. ಸೂಲೂರು ದಾರಿ ಹಿಡಿದೆವು; ಓಡಿಸುತ್ತಿದ್ದವಳು ನಾನು, ಮುರುಗೇಶ ಪಕ್ಕದಲ್ಲಿ, ಸುಧಾ ಹಿಂದೆ. ಬಿಸಿಲಿಗೆ ಗಾಜು ಏರಿಸಿ ಎ.ಸಿ. ಹಾಕಿದ್ದೆ. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿತ್ತು. ಆದರೂ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ.

ಸೂಲೂರು ದಾಟಿದ ಮೇಲೆ "ಚಿಕ್ಕಮ್ಮ" ಎಂದಳು. ನನ್ನ ಕಾಲು ಬ್ರೇಕಿಗೆ ಹೋಯಿತು.

"ತಲೆನೋವಾ?"

"ಇಲ್ಲ. ಪುಳಿಯೋಗರೆ ಡಬ್ಬ ಎಲ್ಲಿಟ್ರಿ? ಹಸಿವಾಗ್ತದೆ."

ಮುರುಗೇಶ ಹಿಂದಕ್ಕೆ ತಿರುಗಿ ಡಬ್ಬ ತೆರೆದುಕೊಟ್ಟ. ಅವನ ಕಣ್ಣು ತುಂಬಿತ್ತು, ನಾನು ನೋಡದವಳಂತೆ ರಸ್ತೆ ನೋಡಿದೆ.

ಶರವಣಂಪಟ್ಟಿಯಲ್ಲಿ ಅಕ್ಕ ಆರತಿ ಎತ್ತಿ ಮಗಳನ್ನು ಒಳಗೆ ಕರೆದುಕೊಂಡಳು. ಡಬ್ಬಗಳನ್ನು ತೆಗೆಯಲು ನಾನು ಹಿಂದಿನ ಬಾಗಿಲು ತೆರೆದೆ. ಸೀಟಿನ ಮೂಲೆಯಲ್ಲಿ ನಿಂಬೆಹಣ್ಣು ಬಿದ್ದಿತ್ತು. ಒಂದೇ ಒಂದು ಉಗುರಿನ ಗೀರೂ ಅದರ ಮೇಲಿರಲಿಲ್ಲ.