ಅಕ್ಕನಿಗೆ ಅಡ್ಡ ಹಬ್ಬಿಸಿದ ಬಳ್ಳಿ

ಚಪ್ಪರದವರೆಯ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಒಂದು ಹಸಿ ಸೊಗಡು ಹೊರಡುತ್ತದೆ. ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಸಂಜೆಯವರೆಗೂ ಉಳಿಯುವ ವಾಸನೆ ಅದು. ಸಂತೆಯಲ್ಲಿ ಯಾರಾದರೂ ಅವರೆಯ ಮೂಟೆ ಸುರಿದರೆ ಸಾಕು, ತಳಿ ಎಂಬ ಊರಿನ ಹತ್ತಿರದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣ ಮುಂದೆ ಬರುತ್ತದೆ: ಬೆಳಗಿನ ಚಳಿ, ಸೌದೆಯ ಹೊಗೆ, ಚಪ್ಪರದ ಕೆಳಗೆ ನಿಂತ ನನ್ನ ಅಕ್ಕ ಪುಟ್ಟಮ್ಮ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕಜ್ಜಿಯಾಗಿ ಅಪ್ಪ ನನ್ನ ತಲೆ ಬೋಳಿಸಿದ ದಿನದಿಂದ ಅವಳಿಗೆ ನಾನು ‘ಬೋಡ’. ಬಳ್ಳಿ ಹಬ್ಬಿಸುವುದನ್ನು ಕಲಿಸಿದವಳೂ ಅವಳೇ. ನಾನು ಆತುರದಲ್ಲಿ ಕುಡಿಯನ್ನು ಕೋಲಿಗೆ ತಿರುಚಿದರೆ ಕೈ ಮೇಲೊಂದು ಏಟು ಬೀಳುತ್ತಿತ್ತು. “ಅದು ಯಾವ ಕಡೀಕ್ ಸುತ್ಕೊಂತದೋ ಆ ಕಡೀಕೇ ಬುಡ್ಲಾ ಬೋಡಾ. ಎದುರು ಸುತ್ತಿದ್ರೆ ಬೆಳಗಾಗೋದ್ರೊಳ್ಗೆ ಬಿಚ್ಕೊಂಬುಡ್ತದೆ.” ದಾರದಿಂದ ಕಟ್ಟಿದರೆ ಎಳೆಯ ಕಾಂಡ ಕೊಯ್ದುಹೋಗುತ್ತದೆ, ನೆನೆಸಿದ ಬಾಳೆನಾರಿನಿಂದ, ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಕಟ್ಟಿದ ಮೇಲೆ ನಾರಿನ ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸುವುದು ಅವಳೊಬ್ಬಳದೇ ರೂಢಿ.

ಆ ಮನೆ ಈಗಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದನ್ನು ಮಾರಿ, ಹೊಸೂರಿನ ಅಂಚಿನಲ್ಲಿ ಅಕ್ಕಪಕ್ಕದ ಸೈಟು ಕೊಂಡು, ನಾನೂ ಅಕ್ಕನೂ ಬೇರೆ ಬೇರೆ ಮನೆ ಕಟ್ಟಿಕೊಂಡೆವು. ಅಷ್ಟರಲ್ಲಿ ಭಾವ ತೀರಿಕೊಂಡಿದ್ದರು. ಅಕ್ಕನ ಜೊತೆ ಮಗಳಿದ್ದಳು. ಎರಡು ಹಿತ್ತಲುಗಳ ನಡುವೆ ಬರೀ ತಂತಿಬೇಲಿ. ಅಕ್ಕ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು, ಹಿಂಬಾಗಿಲ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ನನ್ನನ್ನು ದಿನಾ ಮಾತಾಡಿಸುತ್ತಿದ್ದಳು. ಒಂದು ಭಾನುವಾರ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮ್ಯಾನೇಜರ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕೈತೊಳೆಯಲು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಮಾಸಿದ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೈತುಂಬ ಬೂದಿ ಬಳಿದುಕೊಂಡಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು: “ಲೋ ಬೋಡಾ, ಉಪ್ಸಾರು ಮಾಡಿದೀನಿ, ಬಟ್ಲು ತಗೊಂಡ್ ಬಾರ್ಲಾ!” ಮ್ಯಾನೇಜರ್ ನಗುತ್ತ, “ಯಾರ್ರೀ ಅದು?” ಎಂದರು. “ಪಕ್ಕದ ಮನೆಯವರು ಸಾರ್,” ಎಂದೆ. ಪಾತ್ರೆ ಉಜ್ಜುವ ಸದ್ದು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅಂದಿನಿಂದ ಆ ಮೆಟ್ಟಿಲ ಮೇಲೆ ಕೂತರೆ ಅವಳ ಕಣ್ಣು ತಾಗುತ್ತಿತ್ತು. ಕ್ಷಮೆ ಕೇಳುವ ಬದಲು ನಾನು ಗಿಡ ನೆಟ್ಟೆ. ಬೇಲಿಯುದ್ದಕ್ಕೂ ದಾಸವಾಳ ನೆಟ್ಟು, ಒಂದರ ಕೊಂಬೆಯನ್ನು ಇನ್ನೊಂದಕ್ಕೆ ಬಾಗಿಸಿ ಹೆಣೆದು, ಮೇಲೆ ಚಪ್ಪರದವರೆ ಹಬ್ಬಿಸಿದೆ. ಅವಳು ಕಲಿಸಿದ ಹಾಗೆಯೇ ಕುಡಿಯನ್ನು ಅದರ ಇಷ್ಟದ ಕಡೆಗೇ ಸುತ್ತಿದೆ. ವರ್ಷ ತುಂಬುವುದರೊಳಗೆ ಅಕ್ಕನ ಹಿತ್ತಲು ಪೂರ್ತಿ ಮರೆಯಾಯಿತು.

ಆದರೆ ಬಳ್ಳಿ ಬಿಸಿಲಿರುವ ಕಡೆ ಹೂ ಬಿಡುತ್ತದೆ; ಬಿಸಿಲು ಅವಳ ಕಡೆ ಇತ್ತು. ನನಗೆ ಎಲೆ, ಅವಳಿಗೆ ಕಾಯಿ. ಅಕ್ಕ ಒಂದು ದಿನ ಸೆರಗಿನ ತುಂಬ ಅವರೆ ಕಟ್ಟಿಕೊಂಡು ನಮ್ಮ ಮುಂಬಾಗಿಲಿಗೆ ಬಂದಳು. “ಬಳ್ಳಿ ನಿಂದು, ಕಾಯೆಲ್ಲಾ ನನ್ ಕಡೀಕೇ ಬುಡ್ತದಲ್ಲಾ. ಪಕ್ಕದ್ ಮನೆಯೋರ್ಗೆ ಅಂತ್ಲೇ ಹಾಕ್ದೇನೋ?” ಎಂದು ನಕ್ಕಳು. ಆ ನಗುವಿನಲ್ಲಿ ಬಾಗಿಲು ತೆರೆದೇ ಇತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. “ಕಾಯಿ ಬಲ್ತೋಗವೆ,” ಎಂದಷ್ಟೇ ಹೇಳಿ ಮೊರಕ್ಕೆ ಸುರಿಸಿಕೊಂಡೆ.

ಆಮೇಲೆ ಹಸಿರಿನ ನಡುವೆ, ಕೂತವರ ಕಣ್ಣಿನ ಎತ್ತರದಲ್ಲಿ, ಅಂಗೈಯಗಲದ ಒಂದು ಕಿಂಡಿ ಕಾಣಿಸತೊಡಗಿತು. ಅಳಿಲಿನ ಕೆಲಸ ಎಂದು ಒಂದು ಕುಡಿಯನ್ನು ಎಳೆದು ಮುಚ್ಚಿದೆ. ಸ್ವಲ್ಪ ದಿನಕ್ಕೆ ಮತ್ತೆ ಕಿಂಡಿ. ಮತ್ತೆ ಮುಚ್ಚಿದೆ. “ಆ ಅಳಿಲು ಸೀರೆ ಉಟ್ಕೊಂಡಿರ್ತದೆ, ನೋಡಿ ಬೇಕಾದ್ರೆ,” ಎಂದಳು ನನ್ನ ಹೆಂಡತಿ. ಕೇಳಿಸದವನ ಹಾಗೆ ಪೇಪರಿನ ಪುಟ ತಿರುಗಿಸಿದೆ. ಎಷ್ಟು ಸಲ ಮುಚ್ಚಿದೆನೋ ನೆನಪಿಲ್ಲ. ಒಂದು ಚಳಿಗಾಲ ಮುಚ್ಚಿದ ಕಿಂಡಿ ಮತ್ತೆ ತೆರೆಯಲಿಲ್ಲ. ಗೆದ್ದೆ ಎಂದುಕೊಂಡೆ. ಅಕ್ಕ ಹಾಸಿಗೆ ಹಿಡಿದಿದ್ದಳು. ಹೋಗಿ ನೋಡಿದೆ ನಿಜ, ಎಲ್ಲರ ಜೊತೆ ನಿಂತು ನೋಡಿ ಬಂದೆ.

ಅವಳ ತಿಥಿಯ ದಿನ ಬಾಳೆಲೆ ಕೊಯ್ಯಲು ಅವಳ ಮಗಳು ನನ್ನನ್ನು ಹಿತ್ತಲಿಗೆ ಕಳಿಸಿದಳು. ಆ ಕಡೆಯಿಂದ ನನ್ನ ಬಳ್ಳಿಯನ್ನು ನಾನು ನೋಡಿಯೇ ಇರಲಿಲ್ಲ. ಮೈತುಂಬ ಹೂ. ಅವಳ ಕಲ್ಲಿನ ಮೇಲೆ ಕೂತೆ. ಕಣ್ಣಿಗೆ ನೇರವಾಗಿ, ಬಳ್ಳಿಯ ಎಳೆಗಳು ಎರಡು ಪಕ್ಕಕ್ಕೂ ಸರಿದಿದ್ದವು. ಒಂದು ಎಲೆಯನ್ನೂ ಅವಳು ಕಿತ್ತಿರಲಿಲ್ಲ. ಸರಿಸಿ, ಬಾಳೆನಾರಿನಿಂದ ಕಟ್ಟಿ, ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿದ್ದಳು. ಹಳೆಯ ಕಟ್ಟಿನ ಪಕ್ಕದಲ್ಲಿ ಹೊಸ ಕಟ್ಟು, ಅದರ ಪಕ್ಕದಲ್ಲಿ ಇನ್ನೊಂದು. ಅವುಗಳ ಆಚೆ, ಅಡ್ಡಲಾಗಿ, ನಾನು ಕೊನೆಯ ಸಲ ಎಳೆದು ತಂದ ಕುಡಿ ದಪ್ಪವಾಗಿ ಬಲಿತು ನಿಂತಿತ್ತು. ಅದನ್ನು ಕೈಯಿಂದ ಬಗ್ಗಿಸಿದೆ. ನಮ್ಮ ಹಿಂಬಾಗಿಲ ಮೆಟ್ಟಿಲು, ನಾನು ಕೂರುವ ಜಾಗ, ಅಷ್ಟೇ ಕಂಡಿತು.

ಒಂದು ಕಟ್ಟಿನೊಳಗೆ ಬೆರಳು ತೂರಿಸಿ ನೋಡಿದೆ. ಸಡಿಲವಾಗಿಯೇ ಇತ್ತು.