ಸರ್ ಓದಿದ ಚೀಟಿ

ಮೊನ್ನೆ ಮಿಷ್ಟಿ ದೋಯಿ ತಿಂದು ಮುಗಿಸಿದ ಮೇಲೆ, ಅದರ ಮಣ್ಣಿನ ಭಾಂಡವನ್ನು ಎಸೆಯಲು ಮನಸ್ಸಾಗದೆ ನಲ್ಲಿಯ ಕೆಳಗೆ ಹಿಡಿದೆ. ಸಿಹಿ ಮೊಸರೂ ಹಸಿ ಮಣ್ಣೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಥೂ ಎಂದು ಕಸದ ಬುಟ್ಟಿಗೆ ಹಾಕಿದೆ. ದೋಯಿಯ ತಪ್ಪೇನಿಲ್ಲ, ಪಾಪ. ಇಂಥದೇ ಭಾಂಡವೊಂದು ನನ್ನ ಗೈಡ್ ಸರ್ ಮೇಜಿನ ಮೇಲಿರುತ್ತಿತ್ತು...

ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ನಾನು ಮೈಸೂರಿನಿಂದ ಕೋಲ್ಕತಕ್ಕೆ ಬಂದಾಗ ವಿಭಾಗದಲ್ಲಿ ಕನ್ನಡ ಮಾತಾಡುವವರು ಅವರೊಬ್ಬರೇ. ಎಂಥ ಮಾತುಗಾರರು! ಭಾನುವಾರ ಮನೆಗೆ ಕರೆದು, ಲೇಕ್ ಮಾರ್ಕೆಟ್‌ನಿಂದ ನುಗ್ಗೆಕಾಯಿ ತಂದು ಸ್ವತಃ ಹುಳಿ ಮಾಡಿ ಬಡಿಸುತ್ತಿದ್ದರು. ಇಲ್ಲಿನ ಕನ್ನಡದವರಿಗೆಲ್ಲ ಸರ್ ಎಂದರೆ ಮನೆಯ ಹಿರಿಯರಿದ್ದಂತೆ. ನನಗೂ ಅಷ್ಟೇ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು ನನ್ನದು.

ಆಗ ಸರ್ ಒಂದು ಪ್ರಯೋಗ ಶುರುಮಾಡಿದ್ದರು. ವಯಸ್ಸಾದವರಿಗೆ ನೆನಪಿನ ಅಭ್ಯಾಸ ಮಾಡಿಸಿದರೆ ಮರೆವು ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಒಂದು ಗುಂಪಿಗೆ ಅಭ್ಯಾಸದ ತರಗತಿ, ಇನ್ನೊಂದಕ್ಕೆ ಬರೀ ಚಹಾ ಮತ್ತು ಹರಟೆ. ಕೊನೆಗೆ ಎರಡನ್ನೂ ಹೋಲಿಸುವುದು. ಯಾರು ಯಾವ ಗುಂಪಿಗೆ ಎನ್ನುವುದನ್ನು ಮಾತ್ರ ನಾವು ಆರಿಸಬಾರದು, ಅದೃಷ್ಟಕ್ಕೆ ಬಿಡಬೇಕು. ಆಗಲೇ ಚುರುಕಾದವರೂ ಮಂಕಾದವರೂ ಎರಡೂ ಕಡೆಗೆ ಹಂಚಿಹೋಗುವುದು, ಬಂದ ಫಲಿತಾಂಶಕ್ಕೆ ಅರ್ಥವಿರುವುದು. ಇದನ್ನು ನನಗೆ ಕಲಿಸಿದವರೂ ಇದೇ ಸರ್! ಕಂಪ್ಯೂಟರ್ ಹೇಳಿದರೆ ನಮ್ಮ ಹಿರಿಯರು ನಂಬುವುದಿಲ್ಲ ಎಂದು ಅವರು ಭಾಂಡದಲ್ಲಿ ಚೀಟಿ ಹಾಕಿಡುತ್ತಿದ್ದರು. ಬಂದವರು ಮೊದಲು ಒಂದು ನೆನಪಿನ ಪರೀಕ್ಷೆ ಮುಗಿಸಿ, ಆಮೇಲೆ ಒಂದು ಚೀಟಿ ಎತ್ತಿ ಕೊಡಬೇಕು, ಸರ್ ಬಿಡಿಸಿ ಓದಬೇಕು.

ಧಾರವಾಡದ ಕಡೆಯ ವಯಸ್ಸಾದ ಹೆಂಗಸೊಬ್ಬರನ್ನು ನಾನೇ ಊರಿನ ಆ ತುದಿಯ ಗಾರ್ಡನ್ ರೀಚ್‌ನಿಂದ ಕರೆತಂದಿದ್ದೆ. ಅವರ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಾನೂ ಅವರನ್ನು ಕಾಕು ಎನ್ನುತ್ತಿದ್ದೆ. ಗಂಡನ ಕೆಲಸದ ಜೊತೆಗೆ ಈ ಊರಿಗೆ ಬಂದು ಇಲ್ಲೇ ಉಳಿದವರು. ಟ್ಯಾಕ್ಸಿಯಲ್ಲಿ ಬರುವಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

“ನಮ್ಮವ್ವ ಕಡೀಕ ನನ್ನ ಗುರ್ತಾನ ಹಿಡೀಲಿಲ್ಲ ನೋಡವಾ. ನನಗ ಹಂಗ ಆಗಬಾರದು.”

ಭಾಂಡದ ಮುಂದೆ ಅವರು ಚಪ್ಪಲಿ ಬಿಟ್ಟು ನಿಂತರು. ದೇವರ ಮುಂದೆ ಪ್ರಸಾದ ಕೇಳುವವರ ಹಾಗೆ ಕಣ್ಣು ಮುಚ್ಚಿ, ಎತ್ತಿದ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸರ್ ಕೈಗೆ ಕೊಟ್ಟರು. ಸರ್ ಬಿಡಿಸಿ, ನಗುತ್ತ, “ಚಹಾದ ಗುಂಪು, ತಾಯಿ” ಎಂದರು. ಸರ್ ಹಿಂದೆಯೇ ನಿಂತಿದ್ದ ನನಗೆ ಚೀಟಿ ಚೆನ್ನಾಗಿ ಕಾಣುತ್ತಿತ್ತು. ಅದರಲ್ಲಿದ್ದದ್ದು ‘ಅಭ್ಯಾಸ’.

ಕಾಕುವನ್ನು ಕಳಿಸಿ ಬಂದು ಕೇಳಿದೆ. ಸರ್ ಸಂದೇಶ್ ಎಂಬ ಬಂಗಾಳಿ ಸಿಹಿ ತಿನ್ನುತ್ತಿದ್ದರು.

“ಮೊದಲ ಪರೀಕ್ಷೇಲೇ ಆಯಮ್ಮ ತಡವರಿಸಿದ್ದು ನೋಡಲಿಲ್ವಾ? ಅಂಥವರನ್ನ ಅಭ್ಯಾಸಕ್ಕೆ ಹಾಕಿದ್ರೆ ನಮ್ಮ ರಿಸಲ್ಟ್ ಮೇಲೇಳತ್ತೇನಮ್ಮ? ಎತ್ತೋದು ಅವರ ಕೈ, ಓದೋದು ನನ್ನ ಬಾಯಿ. ಅಷ್ಟೇ.”

ಹೇಳಿ ಬೆರಳು ನೆಕ್ಕಿಕೊಂಡರು. ಚಟಪಟನೆ ಉತ್ತರ ಕೊಟ್ಟ ನಿವೃತ್ತ ಅಧಿಕಾರಿಗಳೆಲ್ಲ ಅಭ್ಯಾಸದ ಕಡೆಗೇ ಏಕೆ ಬಿದ್ದಿದ್ದರು ಎಂಬುದು ಆಗ ಹೊಳೆಯಿತು. ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಒಂದು ಚೀಟಿಗೆ ಇಷ್ಟು ರಂಪವೇ ಎಂದು ಅವರು ನನಗೇ ಬುದ್ಧಿ ಹೇಳಿದರು. ನಾನು ಗೈಡ್ ಬದಲಿಸಿಕೊಂಡೆ. ಸರ್ ಫಲಿತಾಂಶ ಮೇಲೆದ್ದಿತು, ಶಾಲು ಹೊದಿಸಿಕೊಂಡರು. ಛೀ, ಅದೂ ಒಂದು ಮಾನ!

ಕಾಕುಗೂ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ನನ್ನ ಮೇಲೇ ಸಿಡುಕಿದರು.

“ಸುಮ್ಮನಿರವಾ, ಸರ್ ಅಂಥಾವ್ರಲ್ಲ. ದೇವರ ಹೆಸರು ತೊಗೊಂಡು ಎತ್ತೀನಿ. ಅಂವನ ಒಲ್ಲೆ ಅಂದಾನ.”

ಮರೆವು ಬಾರದಿರಲಿ ಎಂದು ದಿನಾ ಒಂದು ದೇವರನಾಮ ಬಾಯಿಪಾಠ ಮಾಡುತ್ತಿದ್ದ ಹೆಂಗಸು ಆಮೇಲೆ ಅದನ್ನೂ ಬಿಟ್ಟರು. ದೇವರೇ ಬೇಡವೆಂದ ಮೇಲೆ ಇನ್ನೇನು ಎಂದುಕೊಂಡರೋ ಏನೋ...

ಆ ತರಗತಿ ಸಿಕ್ಕಿದ್ದರೆ ಕಾಕುವಿನ ನೆನಪು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಅಭ್ಯಾಸದಿಂದ ಉಪಯೋಗವಿದೆಯೋ ಇಲ್ಲವೋ ಎಂದು ತಿಳಿಯಲಿಕ್ಕೇ ಅಷ್ಟು ಜನ ವಯಸ್ಸಾದವರು ಮಂಡಿನೋವು ನುಂಗಿಕೊಂಡು ನಮ್ಮ ಮೆಟ್ಟಿಲು ಹತ್ತಿದ್ದು. ಸರ್ ಅದನ್ನು ಅವರಿಗೂ ತಿಳಿಯಗೊಡಲಿಲ್ಲ, ನಮಗೂ ತಿಳಿಯಗೊಡಲಿಲ್ಲ. ನನ್ನ ಹೇಸಿಗೆಯೆಲ್ಲ ಇದಕ್ಕೇ.

ಇದೆಲ್ಲ ಆಗಿ ವರ್ಷಗಳೇ ಕಳೆದವು. ಈಗ ಸರ್ ತೀರಿಕೊಂಡು ಒಂದು ತಿಂಗಳಾಗುತ್ತ ಬಂತು. ಕನ್ನಡದವರೆಲ್ಲ ಸೇರಿ ಸಂತಾಪ ಸಭೆ ಮಾಡಿದರು. ಹಳೆಯ ಶಿಷ್ಯೆ, ನಾಲ್ಕು ಮಾತಾಡಿ ಎಂದರು. ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ನಾನು ಹೋಗಲೇ ಇಲ್ಲ. ಆ ಹೊತ್ತಿಗೆ ಗಾರ್ಡನ್ ರೀಚ್‌ಗೆ ಹೋಗಿ ಕಾಕು ಪಕ್ಕದಲ್ಲಿ ಕೂತೆ. ಮಗನನ್ನು ಅವರು ಯಾರೋ ಬಾಡಿಗೆಯವನೆಂದುಕೊಂಡಿದ್ದರು. ನನ್ನ ಹೆಸರೂ ಬರಲಿಲ್ಲ. ಆದರೆ ಮುಖ ನೋಡಿ ನೋಡಿ, “ನೀ ಸರ್ ಕಡೆ ಹುಡುಗಿ ಅಲ್ಲೇನು?” ಎಂದರು. “ನಿಮ್ಮ ಸರ್ ಆರಾಮ ಅದಾರ? ಮತ್ತ ಕ್ಲಾಸ್ ಸುರು ಮಾಡಿದ್ರ, ಈ ಸಲಾ ಆದ್ರೂ ನನ್ನ ತೊಗೋರಿ ಅಂತ ಹೇಳವಾ.”

ಸರ್ ತೀರಿಕೊಂಡರು ಎಂದೆ. “ಅಯ್ಯ, ದೇವರಂಥಾ ಮನಷ್ಯಾ...” ಎಂದು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಒಂದು ಹನಿಯೂ ಬರಲಿಲ್ಲ. ಒಂದು ಕಾಲಕ್ಕೆ ನಾನೂ ಆ ಮನುಷ್ಯನಿಗಾಗಿ ಹೀಗೇ ಅಳುತ್ತಿದ್ದೆ. ಅದೂ ಹೋಯಿತು.

ಚಹಾ ಕುಡಿದು ಏಳುವಷ್ಟರಲ್ಲಿ ಕಾಕು ಕಣ್ಣೊರೆಸಿಕೊಂಡು ಮತ್ತೆ ಕೇಳಿದರು. “ನಿಮ್ಮ ಸರ್ ಆರಾಮ ಅದಾರ?”

ಅಂಥವನಿಗಾಗಿ ಅವರನ್ನು ಇನ್ನೊಮ್ಮೆ ಅಳಿಸುವುದೇ?

“ಆರಾಮಿದ್ದಾರೆ ಕಾಕು” ಎಂದೆ.